ಉಬ್ಬರ-ಇಳಿತ, ಚಂದ್ರ ಎರಡೂ ತೋರಿಸುವ ಡಿಜಿಟಲ್ ವಾಚ್: 8 ಸಾವಿರದೊಳಗೆ ಯಾವುದು ತಗೊಳ್ಳಲಿ?

ಪಂಚಗಂಗಾವಳಿ (ಭಾನುವಾರ, ರಾತ್ರಿ 9:10)

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರ ಬದಿಯವ. ವಾರಕ್ಕೆ ಐದಾರು ದಿನ ಬ್ಯಾಂಕ್ ಕೌಂಟರ್, ರಜೆ ಸಿಕ್ಕಿದ್ರೆ ದೋಣಿ. ಅಪ್ಪನ ಕಾಲದ ಸಣ್ಣ ದೋಣಿ ಒಂದುಂಟು, ಅದರಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮಧ್ಯೆ ಒಳಗೆ ಹೋಗಿ ಗಾಳ ಹಾಕುವುದು ನನ್ನ ಚಟ.

ಮೂರು ವಾರದ ಹಿಂದೆ ಅಕ್ಕನ ಮಗನನ್ನೂ ಕರ್ಕೊಂಡು ಹೋಗಿದ್ದೆ. ಹುಡುಗನಿಗೆ 11 ವರ್ಷ. ಮೊದಲ ಸಲ ಕೆಂಬೇರಿ ಕಚ್ಚಿತು, ಅವನ ಖುಷಿ ನೋಡ್ತಾ ಕೂತವನಿಗೆ ನೀರು ಇಳಿಯುವುದು ಗಮನಕ್ಕೇ ಬರಲಿಲ್ಲ. ಕಾಂಡ್ಲಾ ಬೇರಿನ ಮೇಲೆ ಒದ್ದೆ ಗೆರೆ ಒಂದು ಗೇಣು ಎದ್ದು ಕಂಡಾಗ ಹುಟ್ಟು ಹಾಕಿದೆ, ಅಷ್ಟರಲ್ಲಿ ದೋಣಿಯ ತಳ ಕೆಸರಿಗೆ ಕೂತಾಗಿತ್ತು. ಇಳಿದು ನೂಕಲು ಹೋದರೆ ಮೊಣಕಾಲಿನವರೆಗೆ ಹೂತೆ, ಬೇರಿಗೆ ಅಂಟಿದ್ದ ಚಿಪ್ಪು ತಾಗಿ ಪಾದ ಕೊಯ್ದುಹೋಯಿತು. ಆ ಗಡಿಬಿಡಿಯಲ್ಲಿ ಮೊಬೈಲೂ ನೀರಿಗೆ ಬಿತ್ತು. ನಾಲ್ಕೂವರೆ ಗಂಟೆ ಬಿಸಿಲಲ್ಲಿ ಕೂತೆವು. ಕುಡಿಯಲು ಇದ್ದದ್ದು ಅರ್ಧ ಬಾಟಲಿ ನೀರು. ಅಕ್ಕನಿಗೆ ಫೋನ್ ಮಾಡುವ ದಾರಿಯೂ ಇರಲಿಲ್ಲ. ಆ ಹುಡುಗ ಒಂದು ಸಲವೂ ಅಳಲಿಲ್ಲ, ಅದೇ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ.

ಅಪ್ಪನಿಗೆ ತಿಥಿ ಹೇಳಿದ್ರೆ ಸಾಕು, ನೀರು ಎಷ್ಟು ಗಂಟೆಗೆ ತಿರುಗುತ್ತದೆ ಅಂತ ಹೇಳುವರು. ನನಗೆ ಅದು ಬರುವುದಿಲ್ಲ. ಹಾಗಾಗಿ ಕೈಯಲ್ಲೇ ಇರುವಂಥ, ನೀರಿಗೆ ಹೆದರದ ವಾಚ್ ಬೇಕು. ಉಬ್ಬರ-ಇಳಿತದ ಗ್ರಾಫ್ ಮತ್ತು ಚಂದ್ರ ಎರಡೂ ಇರಬೇಕು. ಬಜೆಟ್ 8 ಸಾವಿರ. ದಿನಾ ಚಾರ್ಜ್ ಮಾಡುವುದು ಬೇಡ. ಬಳಸಿದವರು ಹೇಳಿ.

ಗಡಿಯಾರ_ಪ್ರಿಯ (9:26)

ಕ್ಯಾಸಿಯೊ ಜಿ-ಶಾಕ್ ಜಿ-7900. ಕಣ್ಣು ಮುಚ್ಚಿ ತಗೊಳ್ಳಿ. ಟೈಡ್ ಗ್ರಾಫ್ ಇದೆ, ಚಂದ್ರ ಇದೆ, 200 ಮೀಟರ್ ವಾಟರ್ ರೆಸಿಸ್ಟೆನ್ಸ್, ಬ್ಯಾಟರಿ ಸುಮಾರು 2 ವರ್ಷ. ಗುಂಡಿಗಳು ದೊಡ್ಡವು, ಗ್ಲೌಸ್ ಹಾಕಿಯೂ ಒತ್ತಬಹುದು. ನಾನು ಏಳೂವರೆ ಸಾವಿರ ಕೊಟ್ಟಿದ್ದೆ. ಕೈ ಸಣ್ಣ ಇದ್ರೆ ಮಾತ್ರ ಯೋಚನೆ ಮಾಡಿ, ಅದು ದಪ್ಪ ವಾಚ್.

ಕಡಲಕರೆ_ಮಲ್ಪೆ (9:31)

ಹ್ವಾಯ್, ಮೊದ್ಲು ಕಾಲು ಹೇಗುಂಟು? ಕಾಂಡ್ಲಾ ಚಿಪ್ಪಿನ ಗಾಯ ಬೇಗ ಕೀವಾಗ್ತದೆ, ಟಿಟಿ ಇಂಜೆಕ್ಷನ್ ತಗೊಂಡ್ರಾ?

ಪಂಚಗಂಗಾವಳಿ (9:34)

ತಗೊಂಡೆ ಮಾರಾಯ್ರೆ. ಈಗ ಗುಣ ಆಯ್ತು.

ಮೂಲ್ಕಿ_ಅಲೆ (9:48)

ನಾನು ಸಸಿಹಿತ್ಲಿನಲ್ಲಿ ಸರ್ಫಿಂಗ್ ಕಲಿತವ. ನನ್ನ ಹತ್ರ ಜಿಎಲ್‌ಎಕ್ಸ್-5600 ಇದೆ, ಅದೇ ಜಿ-ಶಾಕ್ ಚೌಕದ್ದು, ಜಿ-ಲೈಡ್ ಸಾಲಿನದು. ಇದರಲ್ಲೂ ಟೈಡ್ ಮತ್ತು ಮೂನ್ ಎರಡೂ ಇವೆ. ಜಿ-7900ಕ್ಕಿಂತ ತೆಳು, ಬೋರ್ಡ್ ಮೇಲೆ ಕೈ ಊರಿ ಏಳುವಾಗ ಮಣಿಕಟ್ಟಿಗೆ ಒತ್ತುವುದಿಲ್ಲ. ನಾಲ್ಕು ವರ್ಷ ಆಯ್ತು, ಒಂದು ಸಲ ಬ್ಯಾಟರಿ ಬದಲಿಸಿದ್ದು ಬಿಟ್ರೆ ಏನೂ ಖರ್ಚಿಲ್ಲ. ದುಡ್ಡು ಇದ್ರೆ ಜಿಬಿಎಕ್ಸ್-100 ನೋಡಿ. ಅದು 2020ರಲ್ಲಿ ಬಂತು, ಬ್ಲೂಟೂತ್ ಇದೆ, ಫೋನಿನ ಆ್ಯಪ್‌ನಲ್ಲಿ ಜಾಗ ಆರಿಸಿದ್ರೆ ವಾಚಿಗೆ ತಾನೇ ಹೋಗ್ತದೆ. ಆದ್ರೆ ನಿಮ್ಮ ಬಜೆಟ್ಟಿಗೆ ದೂರ.

ಒಂದು ಮಾತು ಮಾತ್ರ: ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಂಕಿ ಬರುವ ಮಾದರಿ ಬೇಡ. ಅಂಗಡಿಯಲ್ಲಿ ಚಂದ ಕಾಣ್ತದೆ, ಸಂಜೆ ಮೋಡದ ಬೆಳಕಿಗೆ ಗ್ರಾಫ್ ಓದಲಿಕ್ಕಾಗುವುದಿಲ್ಲ. ಬಿಳಿ ಹಿನ್ನೆಲೆಯದೇ ತಗೊಳ್ಳಿ.

ಮುಂಬಯಿ_ಮಾಟುಂಗಾ (10:02)

ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಹಾಕಿ ನೋಡಿದ್ರೆ ಕೆಲವು ಕೋನದಲ್ಲಿ ಡಿಜಿಟಲ್ ಡಿಸ್ಪ್ಲೇ ಪೂರ್ತಿ ಕಪ್ಪಾಗಿ ಕಾಣುತ್ತೆ. ಅದನ್ನೂ ಅಂಗಡಿಯಲ್ಲೇ ನೋಡ್ಕೊಳ್ಳಿ.

ಕೋಟೇಶ್ವರ_ಕಾಣೆ (10:15)

ಇಷ್ಟೆಲ್ಲ ಖರ್ಚು ಎಂತಕ್ಕೆ? ಕ್ಯಾಸಿಯೊ ಡಬ್ಲ್ಯೂಎಸ್-1200ಎಚ್ ತಗೊಳ್ಳಿ. ನಾನು ಎರಡೂವರೆ ಸಾವಿರಕ್ಕೆ ತಗೊಂಡಿದ್ದೆ. ಮೀನಿನ ಚಿತ್ರ ಬರ್ತದೆ, ಚಂದ್ರ ಬರ್ತದೆ, ಬ್ಯಾಟರಿ 10 ವರ್ಷ. 100 ಮೀಟರ್ ನೀರು ತಡೀತದೆ. ಗಾಳ ಹಾಕುವವರಿಗೆ ಇದೇ ಬೇಕಾದ್ದು.

ಕಾರವಾರ_ಲಂಗರು (10:29)

ಕೋಟೇಶ್ವರದವರೇ, ತಪ್ಪು ತಿಳೀಬೇಡಿ, ಆದ್ರೆ ಇಲ್ಲಿ ಅಪಾಯ ಇದೆ, ಅದಕ್ಕೇ ಹೇಳ್ತೇನೆ. ಆ ವಾಚಿನ ಮೀನಿನ ಗುರುತು ಉಬ್ಬರ-ಇಳಿತ ಅಲ್ಲ. ಚಂದ್ರ ಆಕಾಶದಲ್ಲಿ ಎಲ್ಲಿದ್ದಾನೆ, ಎಷ್ಟನೇ ದಿನದವನು ಅನ್ನುವುದರ ಮೇಲೆ ಮೀನು ಕಚ್ಚುವ ಸಾಧ್ಯತೆ ಎಷ್ಟು ಅಂತ ತೋರಿಸುವ ಗುರುತು ಅದು. ಅಮೆರಿಕದ ಜಾನ್ ಆಲ್ಡನ್ ನೈಟ್ ಅನ್ನುವವರು 1926ರಲ್ಲಿ ಶುರು ಮಾಡಿದ ಸೊಲ್ಯೂನಾರ್ ಲೆಕ್ಕದ ಜಾತಿಯದು. ವಾಚಿನಲ್ಲಿ ಮೀನಿನ ಗುರುತು ನಾಲ್ಕು ಬಂತು ಅಂದ ಮಾತ್ರಕ್ಕೆ ನಿಮ್ಮ ದೋಣಿಯ ಕೆಳಗೆ ನೀರು ಇದೆ ಅಂತ ಅರ್ಥ ಅಲ್ಲ. ಪಂಚಗಂಗಾವಳಿಯವರಿಗೆ ಬೇಕಾದದ್ದು ನೀರಿನ ಗ್ರಾಫ್.

ಇಪ್ಪತ್ತೆರಡು ವರ್ಷ ಹಡಗಿನಲ್ಲಿ ದುಡಿದು ಈಗ ಊರಲ್ಲಿದ್ದೇನೆ. ಈ ವಾಚುಗಳ ಬಗ್ಗೆ ನಾಳೆ ಕೂತು ಬರೀತೇನೆ. ಇವು ಒಳ್ಳೆಯವೇ, ಆದ್ರೆ ಪೆಟ್ಟಿಗೆಯಿಂದ ತೆಗೆದು ಕಟ್ಟಿಕೊಂಡರೆ ತೋರಿಸುವುದು ಸುಳ್ಳು.

ಕೋಟೇಶ್ವರ_ಕಾಣೆ (10:33)

ನಾನು ಮೂರು ವರ್ಷದಿಂದ ಅದನ್ನೇ ನೋಡಿ ಹೋಗ್ತಿದ್ದೇನೆ, ಏನೂ ಆಗಲಿಲ್ಲ.

ಕಾರವಾರ_ಲಂಗರು (10:36)

ನೀವು ಎಲ್ಲಿಂದ ಗಾಳ ಹಾಕುವುದು?

ಕೋಟೇಶ್ವರ_ಕಾಣೆ (10:38)

ಕೋಡಿ ಸೀವಾಕ್ ಮೇಲಿಂದ.

ಕಾರವಾರ_ಲಂಗರು (10:41)

ಕಲ್ಲಿನ ಮೇಲೆ ನಿಂತವರಿಗೆ ನೀರು ಏರಿದರೂ ಇಳಿದರೂ ನಡೀತದೆ. ದೋಣಿಯವರಿಗೆ ನಡಿಯೂದಿಲ್ಲ.

ಬೆಂಗ್ಳೂರು_ಚಾರಣಿಗ (ಸೋಮವಾರ, ಬೆಳಿಗ್ಗೆ 7:50)

ನನಗೆ ಸಮುದ್ರ ಇಲ್ಲ, ಚಂದ್ರ ಮಾತ್ರ ಬೇಕು. ರಾತ್ರಿ ಚಾರಣಕ್ಕೆ ಬೆಳದಿಂಗಳು ಇದೆಯಾ, ನಕ್ಷತ್ರ ನೋಡಲು ಕತ್ತಲು ಸಿಗುತ್ತಾ ಅಂತ ತಿಳಿದ್ರೆ ಸಾಕು. ಹಾಗಾದ್ರೆ ಡಬ್ಲ್ಯೂಎಸ್-1200ಎಚ್ ನನಗೆ ಸರಿ ತಾನೆ?

ಗಡಿಯಾರ_ಪ್ರಿಯ (8:05)

ನಿಮಗೆ ಸರಿಯಾಗಿದೆ. ಚಂದ್ರನ ವಯಸ್ಸು ದಿನದ ಲೆಕ್ಕದಲ್ಲಿ ಕೊಡುತ್ತೆ, ಅಮಾವಾಸ್ಯೆಗೆ ಸೊನ್ನೆ, ಹುಣ್ಣಿಮೆಗೆ 15ರ ಹತ್ತಿರ, 29 ದಾಟಿ ಮತ್ತೆ ಸೊನ್ನೆ.

ತಿಥಿ_ವಾರ (8:40)

ಇದನ್ನು ತಿಥಿ ಅಂತ ತಿಳಿದು ಹಬ್ಬ-ಹರಿದಿನಕ್ಕೆ ಬಳಸಬೇಡಿ. ತಿಥಿ ಅಂದರೆ ಸೂರ್ಯ-ಚಂದ್ರರ ನಡುವಿನ ಅಂತರ 12 ಡಿಗ್ರಿ ಹೆಚ್ಚಾಗಲು ಬೇಕಾದ ಹೊತ್ತು. ಅದು ಒಮ್ಮೆ 24 ಗಂಟೆಗಿಂತ ಕಡಿಮೆ, ಒಮ್ಮೆ ಹೆಚ್ಚು. ಬೆಳಿಗ್ಗೆ ಒಂದು ತಿಥಿ, ಮಧ್ಯಾಹ್ನಕ್ಕೆ ಇನ್ನೊಂದು ಆಗಬಹುದು. ವಾಚಿಗೆ ಆ ಸೂಕ್ಷ್ಮ ಇಲ್ಲ. ಆದರೆ ಅಂದಾಜಿಗೆ ಅಡ್ಡಿ ಇಲ್ಲ: ವಾಚಿನ ಚಂದ್ರನ ವಯಸ್ಸಿನ ಪೂರ್ಣ ಅಂಕಿಗೆ ಒಂದು ಕೂಡಿಸಿ. 7 ಚಿಲ್ಲರೆ ಇದ್ದರೆ ಅಷ್ಟಮಿ ಆಸುಪಾಸು.

ಕುಮಟಾ_ಗಜನಿ (9:15)

ಅಷ್ಟಮಿ ಅಂದಿದ್ದಕ್ಕೆ ನೆನಪಾಯ್ತು. ನಮ್ಮದು ಅಘನಾಶಿನಿ ದಂಡೆ. ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೀತಿದ್ದ ಮನೆ. ಅಜ್ಜನ ಹತ್ರ ಗಡಿಯಾರವೇ ಇರಲಿಲ್ಲ. ಹುಣ್ಣಿಮೆ, ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ನೀರು ಬಹಳ ಏರಿ ಬಹಳ ಇಳೀತದೆ, ಬಳಚು ಹೆಕ್ಕುವ ಹೆಂಗಸರು ಆಗ ನಡು ಹೊಳೆಯ ದಿಬ್ಬದ ತನಕ ನಡೆದೇ ಹೋಗ್ತಿದ್ರು. ಅಷ್ಟಮಿ-ನವಮಿಗೆ ನೀರು ಏರುವುದೂ ಕಮ್ಮಿ, ಇಳಿಯುವುದೂ ಕಮ್ಮಿ. ಅಜ್ಜ ಇನ್ನೊಂದು ಹೇಳ್ತಿದ್ರು: ಇವತ್ತು ಭರತ ಎಷ್ಟು ಹೊತ್ತಿಗೆ ಬಂತೋ ನಾಳೆ ಅದಕ್ಕಿಂತ ಎರಡು ಗಳಿಗೆ ತಡ. ಒಂದು ಗಳಿಗೆ ಅಂದ್ರೆ 24 ನಿಮಿಷ, ಎರಡಕ್ಕೆ 48. ಪುಸ್ತಕದಲ್ಲಿ ನೋಡಿದ್ರೆ ಚಂದ್ರನ ದಿನ 24 ಗಂಟೆ 50 ನಿಮಿಷ ಅಂತ ಇದೆ. ಎರಡೇ ನಿಮಿಷದ ಫರಕು!

ಹಾಗಾಗಿ ಪಂಚಗಂಗಾವಳಿಯವರೇ, ವಾಚ್ ತಗೊಳ್ಳಿ, ಆದ್ರೆ ಅಪ್ಪನ ಹತ್ರ ಕೂತು ಆ ಲೆಕ್ಕ ಕಲೀರಿ. ನಾವು ಅಜ್ಜನ ಹತ್ರ ಪೂರ್ತಿ ಕೇಳಲೇ ಇಲ್ಲ.

ಕಡಲಕರೆ_ಮಲ್ಪೆ (9:22)

ಬಳಚು ಅಂದ್ರೆ ನಮ್ಮ ಮರುವಾಯಿ ಅಲ್ವಾ?

ಕುಮಟಾ_ಗಜನಿ (9:25)

ಹೌದು, ಅದೇ. ತೆಂಗಿನಕಾಯಿ ಹಾಕಿ ಸುಕ್ಕ ಮಾಡಿದ್ರೆ ಹೆಸರು ಯಾವುದಾದ್ರೇನು.

ತಿಥಿ_ವಾರ (9:31)

ಒಂದು ಸಣ್ಣ ವಿಷಯ. ಕೆಲವರು ಉಬ್ಬರ ಅಂತೀರಿ, ಕೆಲವರು ಭರತ. ಸರಿಯಾದ ಕನ್ನಡ ಉಬ್ಬರವೇ.

ಕುಮಟಾ_ಗಜನಿ (9:37)

"ಸರಿಯಾದ" ಅಂದ್ರೆ ಏನು? ಸಮುದ್ರದ ದಂಡೆಯಲ್ಲಿ ಹುಟ್ಟಿ ಬೆಳೆದವರು ತಲೆತಲಾಂತರದಿಂದ ಭರತ-ಇಳಿತ ಅಂತಾರೆ. ಶಾಲೆ ಪುಸ್ತಕದಲ್ಲಿ ಉಬ್ಬರ ಅಂತ ಇದೆ ಅಂತ ನಮ್ಮ ಮಾತು ತಪ್ಪಾಗುವುದಿಲ್ಲ. ನಮ್ಮ ಮನೆಯಲ್ಲಿ ಉಬ್ಬರ ಅಂದ್ರೆ ಹೊಟ್ಟೆಯದು.

ಕಡಲಕರೆ_ಮಲ್ಪೆ (9:39)

ಎರಡೂ ನಡೀತದೆ. ವಾಚಿಗೆ ಬನ್ನಿ.

ಕಾರವಾರ_ಲಂಗರು (ಸೋಮವಾರ, ಸಂಜೆ 6:20)

ನಿನ್ನೆ ಹೇಳಿದ್ದನ್ನು ಈಗ ಬರೀತೇನೆ. ಉದ್ದ ಆಗ್ತದೆ, ಓದಿ.

ಜಿ-7900, ಜಿಎಲ್‌ಎಕ್ಸ್-5600 ಇವುಗಳ ಒಳಗೆ ಸಮುದ್ರ ನೋಡುವ ಯಾವ ಯಂತ್ರವೂ ಇಲ್ಲ, ಜಿಪಿಎಸ್ಸೂ ಇಲ್ಲ. ಇರುವುದು ಚಂದ್ರನ ಲೆಕ್ಕ. ಚಂದ್ರ ನಿಮ್ಮ ಊರಿನ ನೆತ್ತಿಯ ರೇಖೆ ದಾಟುವ ಹೊತ್ತನ್ನು ವಾಚು ಲೆಕ್ಕ ಹಾಕ್ತದೆ. ಅದಾಗಿ ಎಷ್ಟು ಹೊತ್ತಿಗೆ ನಿಮ್ಮಲ್ಲಿ ನೀರು ತುಂಬ್ತದೆ ಅನ್ನುವ ಅಂತರವನ್ನು ನೀವು ಕೊಡಬೇಕು. ಇದಕ್ಕೆ ಲೂನಿಟೈಡಲ್ ಇಂಟರ್ವಲ್ ಅಂತಾರೆ. ಈ ಅಂತರ ಊರಿಂದ ಊರಿಗೆ ಬೇರೆ. ದಂಡೆಯ ಆಕಾರ, ಸಮುದ್ರದ ಆಳ, ಹೊಳೆಯ ಅಳಿವೆ ಎಲ್ಲ ಸೇರಿ ಅದನ್ನು ನಿರ್ಧಾರ ಮಾಡ್ತವೆ.

ವಾಚಿನಲ್ಲಿ ನಮ್ಮ ದೇಶಕ್ಕೆ ಸಿಗುವ ಊರು ದಿಲ್ಲಿ. ದಿಲ್ಲಿ ಆರಿಸಿದ್ರೆ ಗಂಟೆ ಸರಿ ಬರ್ತದೆ, ಆದ್ರೆ ದಿಲ್ಲಿಯಲ್ಲಿ ಸಮುದ್ರ ಎಲ್ಲಿದೆ? ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ, ಗ್ರಾಫ್ ತಪ್ಪು ಅಂತ ಬೈತಾರೆ. ನೀವು ಮಾಡಬೇಕಾದ್ದು ಇಷ್ಟು. ಹೊಂದಾಣಿಕೆಗೆ ಹೋಗಿ ಸಮಯ ವ್ಯತ್ಯಾಸ 5:30 ಇದೆಯಾ ನೋಡಿ. ರೇಖಾಂಶವನ್ನು ಪೂರ್ವ 75 ಅಂತ ಬದಲಿಸಿ. ಕಾರವಾರಕ್ಕೆ 74, ಉಡುಪಿ, ಕುಂದಾಪುರ, ಮಂಗಳೂರಿಗೆ 75 ನಡೀತದೆ. ರೇಖಾಂಶ ಒಂದು ಡಿಗ್ರಿ ತಪ್ಪಿದ್ರೆ ನಾಲ್ಕು ನಿಮಿಷದ ತಪ್ಪು ಅಷ್ಟೇ. ಜೀವ ಇರುವುದು ಆ ಅಂತರದಲ್ಲಿ.

ಅಂತರ ತೆಗೆಯುವುದು ಹೇಗೆ? ಸರ್ವೆ ಆಫ್ ಇಂಡಿಯಾ ಪ್ರತಿ ವರ್ಷ ಉಬ್ಬರ-ಇಳಿತದ ಪಟ್ಟಿ ಪ್ರಕಟಿಸ್ತದೆ. ಹೈದರಾಬಾದಿನಲ್ಲಿರುವ, ಸಮುದ್ರದ ಮಾಹಿತಿ ಕೊಡುವ ಇನ್‌ಕಾಯಿಸ್ ಸಂಸ್ಥೆಯ ಜಾಲತಾಣದಲ್ಲೂ ಮುನ್ಸೂಚನೆ ಸಿಗ್ತದೆ. ನಿಮಗೆ ಹತ್ತಿರದ ಬಂದರಿನದು ತಗೊಳ್ಳಿ. ಆ ದಿನ ಚಂದ್ರ ನೆತ್ತಿಗೆ ಬರುವ ಹೊತ್ತು ಯಾವುದೇ ಖಗೋಳ ಆ್ಯಪ್‌ನಲ್ಲಿ ಸಿಗ್ತದೆ. ಉದಾಹರಣೆಗೆ, ಚಂದ್ರ ನೆತ್ತಿಗೆ ಬಂದದ್ದು ಮಧ್ಯಾಹ್ನ 12:40, ಅದರ ನಂತರದ ಉಬ್ಬರ ರಾತ್ರಿ 11:10 ಅಂತಿಟ್ಟುಕೊಳ್ಳಿ, ಅಂತರ 10 ಗಂಟೆ 30 ನಿಮಿಷ. ಒಂದೇ ದಿನದ್ದು ತಗೊಂಡ್ರೆ ಮೋಸ ಹೋಗ್ತೀರಿ, ಯಾಕಂದ್ರೆ ಪಕ್ಷದೊಳಗೇ ಈ ಅಂತರ ಹಿಂದೆ ಮುಂದೆ ಆಗ್ತಿರ್ತದೆ. ಹದಿನೈದು ದಿನದ್ದು ಬರೆದು ಸರಾಸರಿ ತೆಗೀರಿ. ಅದನ್ನು ವಾಚಿಗೆ ಹಾಕಿ.

ಇಷ್ಟಾದ ಮೇಲೂ ಎರಡು ಕೊರತೆ ಉಳೀತವೆ. ಮೊದಲನೆಯದು, ನಮ್ಮ ದಂಡೆಯಲ್ಲಿ ದಿನದ ಎರಡು ಉಬ್ಬರ ಒಂದೇ ಎತ್ತರದವಲ್ಲ. ಒಂದು ದೊಡ್ಡದು, ಒಂದು ಸಣ್ಣದು. ಇಳಿತವೂ ಹಾಗೇ. ವಾಚು ಎರಡನ್ನೂ ಒಂದೇ ಅಳತೆಯಲ್ಲಿ ಬರೀತದೆ. ಎರಡನೆಯದು, ಗಾಳಿ, ಅಲೆ, ಮಳೆ ನೀರು ಅದಕ್ಕೆ ಗೊತ್ತಿಲ್ಲ. ಕ್ಯಾಸಿಯೊದವರೇ ಇದನ್ನು ದೋಣಿ ನಡೆಸಲು ನಂಬಬೇಡಿ ಅಂತ ಕೈಪಿಡಿಯಲ್ಲಿ ಬರೆದಿದ್ದಾರೆ.

ಪಂಚಗಂಗಾವಳಿ (6:52)

ಕಾರವಾರದವರೇ, ಕೈ ಮುಗೀತೇನೆ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಒಂದು ಅನುಮಾನ: ನಾನು ಹೋಗುವುದು ಅಳಿವೆಯಿಂದ ಸುಮಾರು ಒಳಗೆ. ಸೌಪರ್ಣಿಕಾ, ಚಕ್ರಾ, ವಾರಾಹಿ ಎಲ್ಲ ಸೇರುವ ಜಾಗ. ಬಂದರಿನ ಪಟ್ಟಿಯ ಹೊತ್ತೇ ಅಲ್ಲಿಗೂ ಆಗ್ತದಾ?

ಕಾರವಾರ_ಲಂಗರು (7:05)

ಆಗುವುದಿಲ್ಲ. ಅಳಿವೆ ಬಾಗಿಲಲ್ಲಿ ತುಂಬಿದ ನೀರು ಒಳಗೆ ಮುಟ್ಟಲು ಹೊತ್ತು ಬೇಕು. ಎಷ್ಟು ಅಂತ ನಾನು ಇಲ್ಲಿ ಕೂತು ಹೇಳಲಾರೆ. ನಿಮ್ಮ ಜಾಗದಲ್ಲಿ ಒಂದು ಬಿದಿರಿನ ಗಳ ನೆಟ್ಟು ಗುರುತು ಹಾಕಿ, ನಾಲ್ಕು ದಿನ ನೋಡಿ. ಇನ್ನೊಂದು, ನೀರಿನ ಮಟ್ಟ ತಿರುಗುವ ಹೊತ್ತು ಮತ್ತು ಸೆಳೆತ ತಿರುಗುವ ಹೊತ್ತು ಒಂದೇ ಆಗಬೇಕು ಅಂತಿಲ್ಲ. ಹುಟ್ಟು ಹಾಕುವವರಿಗೆ ಎರಡೂ ಗೊತ್ತಿರಬೇಕು. ಮಳೆಗಾಲದಲ್ಲಂತೂ ಹೊಳೆಯ ನೀರು ಸೇರಿ ಇಳಿತದ ಸೆಳೆತ ಜೋರು.

ಕಡಲಕರೆ_ಮಲ್ಪೆ (7:11)

ಮಳೆಗಾಲದ ಮಾತು ಬಂತಲ್ಲ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳೇ ದಡಕ್ಕೆ ಕಟ್ಟಿರ್ತವೆ. ಆ ಎರಡು ತಿಂಗಳು ಹುಡುಗನನ್ನು ಕರ್ಕೊಂಡು ಅಳಿವೆ ಬದಿಗೆ ಹೋಗ್ಲೇಬೇಡಿ. ವಾಚ್ ಏನೇ ತೋರಿಸ್ಲಿ.

ಬ್ರಿಸ್ಟಲ್_ಕನ್ನಡತಿ (ಸೋಮವಾರ, ರಾತ್ರಿ 11:40)

ನಾನು ಹೊನ್ನಾವರದವಳು, ಈಗ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿದ್ದೀನಿ. ಇಲ್ಲಿಗೆ ಬಂದ ಮೇಲೆ ನೀರು ಅಂದ್ರೆ ಏನು ಅಂತ ತಿಳೀತು. ಊರಲ್ಲಿ ನೀರು ಒಂದಾಳು ಎತ್ತರ ಏರಿದ್ರೆ ದೊಡ್ಡದು. ಇಲ್ಲಿ ಬ್ರಿಸ್ಟಲ್ ಚಾನೆಲ್‌ನಲ್ಲಿ ದೊಡ್ಡ ಉಬ್ಬರದ ದಿನ ಏರಿಳಿತ 14 ಮೀಟರ್ ತನಕ ಹೋಗುತ್ತೆ, ನಾಲ್ಕು ಮಹಡಿ ಕಟ್ಟಡದಷ್ಟು. ಇಳಿತದಲ್ಲಿ ಸಮುದ್ರ ಕಣ್ಣಿಗೇ ಕಾಣಲ್ಲ, ಬರೀ ಕೆಸರು. ಮಕ್ಕಳನ್ನು ಕರ್ಕೊಂಡು ಹೋಗುವಾಗ ನನ್ನ ಕೈಯಲ್ಲೂ ಜಿಎಲ್‌ಎಕ್ಸ್-5600 ಇರುತ್ತೆ.

ಹೊರದೇಶದಲ್ಲಿ ಇರೋರಿಗೆ ಒಂದು ಮಾತು. ಇಲ್ಲಿ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಮಾಡ್ತಾರೆ. ಆಗ ವಾಚಿನ ಗಂಟೆಯನ್ನು ಕೈಯಲ್ಲೇ ತಿರುಗಿಸಬೇಡಿ, ಡಿಎಸ್‌ಟಿ ಅಂತ ಇರೋದನ್ನ ಆನ್ ಮಾಡಿ. ಕೈಯಲ್ಲಿ ತಿರುಗಿಸಿದ್ರೆ ಚಂದ್ರನ ಲೆಕ್ಕವೂ ಒಂದು ಗಂಟೆ ತಪ್ಪುತ್ತೆ. ನಾನು ಮೊದಲ ಏಪ್ರಿಲ್‌ನಲ್ಲಿ ಹಾಗೆ ಮಾಡಿ ಎರಡು ವಾರ ತಪ್ಪು ಹೊತ್ತನ್ನೇ ನಂಬಿದ್ದೆ. ಇನ್ನು ಸೌತಾಂಪ್ಟನ್ ಕಡೆ ಇರೋರಿಗೆ ಈ ವಾಚುಗಳು ಅಷ್ಟು ಉಪಯೋಗ ಇಲ್ಲ. ಅಲ್ಲಿ ನೀರು ಒಮ್ಮೆ ತುಂಬಿ, ಸ್ವಲ್ಪ ಇಳಿದು, ಮತ್ತೆ ತುಂಬುತ್ತೆ. ಅಂಥ ಜೋಡಿ ಉಬ್ಬರ ವಾಚಿನ ಗ್ರಾಫಿನಲ್ಲಿ ಬರಲ್ಲ.

ಮುಂಬಯಿ_ಮಾಟುಂಗಾ (ಮಂಗಳವಾರ, ಬೆಳಿಗ್ಗೆ 6:45)

ನಮ್ಮ ಮುಂಬಯಿಯಲ್ಲೂ ಕಡಿಮೆ ಏನಿಲ್ಲ, ಮಳೆಗಾಲದಲ್ಲಿ ನಾಲ್ಕೂವರೆ ಮೀಟರಿನ ಉಬ್ಬರ ಅಂದ್ರೆ ಪೇಪರಿನಲ್ಲೇ ಬರುತ್ತೆ. ಅದೇ ಹೊತ್ತಿಗೆ ಜೋರು ಮಳೆ ಬಂದ್ರೆ ಚರಂಡಿ ನೀರು ಸಮುದ್ರಕ್ಕೆ ಹೋಗಲ್ಲ, ರಸ್ತೆಯಲ್ಲೇ ನಿಲ್ಲುತ್ತೆ. ಹಾಜಿ ಅಲಿ ದರ್ಗಾಕ್ಕೆ ಹೋಗುವ ದಾರಿ ಉಬ್ಬರಕ್ಕೆ ಮುಳುಗುವುದು ಎಲ್ಲರಿಗೂ ಗೊತ್ತಿರುವುದೇ. ನನ್ನ ಆಫೀಸು ತಗ್ಗಿನ ಜಾಗದಲ್ಲಿದೆ, ಜುಲೈನಲ್ಲಿ ವಾಚಿನ ಗ್ರಾಫ್ ನೋಡಿಯೇ ಎಷ್ಟೊತ್ತಿಗೆ ಹೊರಡಬೇಕು ಅಂತ ತೀರ್ಮಾನ ಮಾಡ್ತೀನಿ. ಸಮುದ್ರಕ್ಕೆ ಇಳಿಯದವನಿಗೂ ಇದರ ಉಪಯೋಗ ಇದೆ.

ಐಟಿ_ಹುಡುಗ (10:10)

ಇದೆಲ್ಲ ತಲೆನೋವು ಬೇಡ. ಸ್ಮಾರ್ಟ್ ವಾಚ್ ತಗೊಳ್ಳಿ ಸರ್. ಗಾರ್ಮಿನ್ ಇನ್‌ಸ್ಟಿಂಕ್ಟ್ 2 ಸರ್ಫ್ ಮಾದರಿಯಲ್ಲಿ ಟೈಡ್ ಇದೆ, ಜಿಪಿಎಸ್ ಇದೆ, ಅಂತರ ಗಿಂತರ ಲೆಕ್ಕ ಹಾಕಬೇಕಾಗಿಲ್ಲ.

ಮೂಲ್ಕಿ_ಅಲೆ (10:24)

ಅವರ ಬಜೆಟ್ 8 ಸಾವಿರ ಅಂತ ಮೊದಲ ಸಾಲಲ್ಲೇ ಇದೆ. ನೀವು ಹೇಳಿದ್ದು ಅದರ ಎಷ್ಟೋ ಪಟ್ಟು.

ಐಟಿ_ಹುಡುಗ (10:26)

ಸೆಕೆಂಡ್ ಹ್ಯಾಂಡ್ ಸಿಗುತ್ತೆ. ಜೀವಕ್ಕಿಂತ ದುಡ್ಡು ಹೆಚ್ಚಾ?

ಕಡಲಕರೆ_ಮಲ್ಪೆ (10:35)

ತಿಂಗಳ ಸಂಬಳದಲ್ಲಿ ಮನೆ ನಡೆಸುವವರಿಗೆ ಹಾಗೆ ಹೇಳಬಾರದು ತಮ್ಮಾ. ಚಾರ್ಜ್ ಬೇಡ ಅಂತಲೂ ಅವರು ಹೇಳಿದ್ದಾರೆ. ಹಳೇ ಸ್ಮಾರ್ಟ್ ವಾಚಿನ ಬ್ಯಾಟರಿ ನಡುನೀರಲ್ಲಿ ಸತ್ತರೆ ಎಂತ ಮಾಡುವುದು? ನಂದು ಆದದ್ದು ಅದೇ. ಆನ್‌ಲೈನ್‌ನಲ್ಲಿ ಒಬ್ಬರಿಂದ ಹಳೇದು ತಗೊಂಡೆ, ನೋಡಲಿಕ್ಕೆ ಹೊಸದರ ಹಾಗೆ. ಎರಡನೇ ವಾರ ಗಾಜಿನ ಒಳಗೆ ಮಂಜು ಕಟ್ಟಿತು, ಮೂರನೇ ವಾರ ಸತ್ತೇ ಹೋಯ್ತು. ಮಾರಿದವರು ಫೋನ್ ತೆಗೀಲಿಲ್ಲ.

ಗಡಿಯಾರ_ಪ್ರಿಯ (10:58)

ಹಳೇದರಲ್ಲಿ ಅದೇ ಅಪಾಯ. ಒಮ್ಮೆ ಯಾರಾದರೂ ಹಿಂಬದಿ ಮುಚ್ಚಳ ತೆಗೆದು ರಬ್ಬರ್ ಗ್ಯಾಸ್ಕೆಟ್ ಸರಿಯಾಗಿ ಕೂರಿಸದಿದ್ದರೆ 200 ಮೀಟರ್ ಅಂತ ಬರೆದಿದ್ದಕ್ಕೆ ಅರ್ಥವೇ ಇಲ್ಲ. ಬ್ಯಾಟರಿ ಬದಲಿಸುವಾಗಲೂ ಗ್ಯಾಸ್ಕೆಟ್ ನೋಡಿ ಹಾಕುವವರ ಹತ್ತಿರವೇ ಕೊಡಿ, ಐವತ್ತು ನೂರು ಹೆಚ್ಚಾದರೂ ಪರವಾಗಿಲ್ಲ.

ನಕಲಿಯ ಬಗ್ಗೆಯೂ ಎಚ್ಚರ. ನಮ್ಮೂರ ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯೊಂದರಲ್ಲಿ ಜಿ-ಶಾಕ್ ಅಂತ 900 ರೂಪಾಯಿಗೆ ಕೊಡ್ತಿದ್ರು. ಗೆಳೆಯ ತಗೊಂಡ. ಅದರ ಮೇಲೆ ಟೈಡ್ ಅಂತ ಅಚ್ಚು ಇತ್ತು, ಚಂದ್ರನ ಚಿತ್ರವೂ ಇತ್ತು, ಆದರೆ ಚಿತ್ರ ಡಯಲ್ ಮೇಲೆ ಬಣ್ಣದಲ್ಲಿ ಅಂಟಿಸಿದ್ದು! ತಿಂಗಳಾದರೂ ಅದೇ ಅರ್ಧಚಂದ್ರ. ಹಿಂಬದಿ ಮುಚ್ಚಳದ ಮೇಲೆ ಮಾದರಿ ಸಂಖ್ಯೆ ಮತ್ತು ಚೌಕಟ್ಟಿನೊಳಗೆ ನಾಲ್ಕಂಕಿಯ ಮಾಡ್ಯೂಲ್ ಸಂಖ್ಯೆ ನೋಡಿ. ಆ ಸಂಖ್ಯೆಯ ಕೈಪಿಡಿ ಕ್ಯಾಸಿಯೊ ಜಾಲತಾಣದಲ್ಲಿ ಸಿಗುತ್ತೆ. ಅದರಲ್ಲಿ ಬರೆದ ಹಾಗೆ ಗುಂಡಿಗಳು ಕೆಲಸ ಮಾಡಬೇಕು. ಬಿಲ್ಲು, ವಾರಂಟಿ ಕಾರ್ಡ್ ಕೇಳಿ ತಗೊಳ್ಳಿ.

ಮೂಲ್ಕಿ_ಅಲೆ (11:15)

ಉಪ್ಪು ನೀರಿಂದ ಬಂದ ಕೂಡ್ಲೇ ಸಿಹಿನೀರಲ್ಲಿ ತೊಳೀರಿ, ಪಟ್ಟಿ ಸೇರುವ ಕಡೆ ಇರುವ ಸಣ್ಣ ಕಡ್ಡಿ ತುಕ್ಕು ಹಿಡಿದ್ರೆ ವಾಚ್ ನೀರಲ್ಲೇ ಕಳಚಿ ಬೀಳ್ತದೆ. ನೀರೊಳಗೆ ಗುಂಡಿ ಒತ್ತಬೇಡಿ.

ಶಿರಸಿ_ಅಡಿಕೆ (ಮಂಗಳವಾರ, ಮಧ್ಯಾಹ್ನ 1:30)

ಹೆಂಗಸರ ಕೈಗೆ ಆಗುವಂಥದ್ದು ಯಾವುದು? ಮಗಳು ಮಂಗಳೂರಲ್ಲಿ ಓದ್ತಾ ಇದ್ದಾಳೆ, ಕಯಾಕಿಂಗ್ ಶುರು ಮಾಡಿದ್ದಾಳೆ.

ಬ್ರಿಸ್ಟಲ್_ಕನ್ನಡತಿ (3:05)

ಅಕ್ಕಾ, ಜಿಎಲ್‌ಎಕ್ಸ್-ಎಸ್5600 ಅಂತ ಬರುತ್ತೆ, ಅದು ಸಣ್ಣದು, ಟೈಡ್ ಮತ್ತು ಚಂದ್ರ ಎರಡೂ ಇವೆ. ನನ್ನ ಮಗಳಿಗೆ ಅದನ್ನೇ ಕೊಡಿಸಿದ್ದೀನಿ. ಅಂಗಡಿಗೆ ಕರ್ಕೊಂಡು ಹೋಗಿ ಕೈಗೆ ಕಟ್ಟಿ ನೋಡಿ, ಅಂಕಿ ಸಣ್ಣದಾಯ್ತು ಅನ್ನೋರೂ ಇದ್ದಾರೆ.

ಪಂಚಗಂಗಾವಳಿ (ಐದು ವಾರದ ನಂತರ, ಶುಕ್ರವಾರ, ರಾತ್ರಿ 8:45)

ತಡವಾಯ್ತು, ಕ್ಷಮಿಸಿ. ಕೆಲಸ ಮುಗಿಸಿಯೇ ಬರೆಯುವಾ ಅಂತ ಕಾದೆ.

ಜಿ-7900 ತಗೊಂಡೆ, ಬಿಳಿ ಹಿನ್ನೆಲೆಯದು. ಅಂಗಡಿಯಲ್ಲಿ ಎರಡನ್ನೂ ಕಟ್ಟಿ ನೋಡಿದೆ. ಚೌಕದ್ದು ಚಂದ ಇತ್ತು, ಆದ್ರೆ ಒದ್ದೆ ಕೈಯಲ್ಲಿ ಒತ್ತಲು ಇದರ ಗುಂಡಿ ಸುಲಭ ಅನ್ನಿಸಿತು.

ಕಾರವಾರದವರು ಹೇಳಿದ ಹಾಗೆ ಬಂದರಿನ ಪಟ್ಟಿಯಿಂದ ಹದಿನೈದು ದಿನದ ಸರಾಸರಿ ತೆಗೆದು ಹಾಕಿದೆ. ಮತ್ತೆ ಒಳಗಿನ ಜಾಗದಲ್ಲಿ ಬಿದಿರಿನ ಗಳ ನೆಟ್ಟೆ, ಗೇಣಿಗೊಂದು ಕೆಂಪು ಪೇಂಟಿನ ಗೆರೆ. ರಜೆ ಹಾಕಿ ಎರಡು ದಿನ, ಮತ್ತೆ ನಾಲ್ಕು ಭಾನುವಾರ ನೋಡಿದೆ. ಬಂದರಿನ ಲೆಕ್ಕಕ್ಕಿಂತ ನನ್ನ ಗಳದಲ್ಲಿ ನೀರು ತುಂಬುವುದು ಮುಕ್ಕಾಲು ಗಂಟೆ ತಡ! ಅಷ್ಟನ್ನು ಅಂತರಕ್ಕೆ ಸೇರಿಸಿದೆ. ಈಗ ಗ್ರಾಫಿಗೂ ಗಳಕ್ಕೂ ಹೆಚ್ಚೆಂದರೆ 20-25 ನಿಮಿಷದ ಫರಕು. ಎರಡು ಉಬ್ಬರ ಒಂದೇ ಎತ್ತರ ಅಲ್ಲ ಅನ್ನುವುದನ್ನೂ ಕಣ್ಣಾರೆ ಕಂಡೆ. ಒಂದೇ ದಿನ ಬೆಳಗಿನ ನೀರಿನ ಗೆರೆಗಿಂತ ರಾತ್ರಿಯದು ಒಂದೂವರೆ ಗೇಣು ಮೇಲೆ. ವಾಚಿನಲ್ಲಿ ಎರಡೂ ಒಂದೇ ಗುಡ್ಡ.

ಕುಮಟಾದವರು ಹೇಳಿದ್ದನ್ನೂ ಮಾಡಿದೆ. ಅಪ್ಪನಿಗೆ ಈಗ ದೋಣಿ ಹತ್ತಲಾಗುವುದಿಲ್ಲ. ದಿನಾ ರಾತ್ರಿ ಊಟ ಆದ ಮೇಲೆ ಅವರು ತಿಥಿ ಹೇಳಿ, ನಾಳೆ ನೀರು ತಿರುಗುವ ಹೊತ್ತು ಹೇಳ್ತಾರೆ, ನಾನು ವಾಚ್ ನೋಡ್ತೇನೆ, ಹುಡುಗ ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೀತಾನೆ. ಅಷ್ಟಮಿಯ ಎರಡು ದಿನ ಅಪ್ಪನ ಲೆಕ್ಕ ವಾಚಿಗಿಂತ ಗಳಕ್ಕೆ ಹತ್ತಿರ ಬಂತು. ಅವರಿಗೆ ಆದ ಸಂತೋಷ ಹೇಳತೀರದು, ಪಕ್ಕದ ಮನೆಗೂ ಹೋಗಿ ಹೇಳಿ ಬಂದ್ರು.

ಕಾರವಾರ_ಲಂಗರು (9:02)

ಮುಕ್ಕಾಲು ಗಂಟೆ ತಡ ಅಂದ್ರಲ್ಲ, ಅಂದು ನೀವು ಸಿಕ್ಕಿಕೊಂಡದ್ದು ಇಳಿತಕ್ಕೆ. ಇಳಿತದ ತಡವನ್ನೂ ಬೇರೆಯಾಗಿ ಅಳೆದಿದ್ದೀರಾ? ಹೊಳೆಯೊಳಗೆ ಏರುವುದು ಬೇಗ, ಇಳಿಯುವುದು ನಿಧಾನ ಇರಬಹುದು. ಎರಡಕ್ಕೂ ಒಂದೇ ಅಂತರ ಹಿಡೀಬೇಡಿ.

ಪಂಚಗಂಗಾವಳಿ (9:10)

ಇಳಿತ ಎರಡೇ ಸಲ ಅಳೆದದ್ದು, ಸಾಲದು. ಈ ಭಾನುವಾರ ಅದಕ್ಕೇ ಹೋಗುವುದು. ನೀರು ತುಂಬುವುದು ಬೆಳಿಗ್ಗೆ 7:20 ಅಂತ ವಾಚ್, 7 ಗಂಟೆ ಅಂತ ಅಪ್ಪ. ಹುಡುಗನೂ ಬರ್ತಾನೆ, ಎರಡು ಲೀಟರಿನ ನೀರಿನ ಬಾಟಲಿ ಅವನೇ ತೆಗೆದಿಟ್ಟಿದ್ದಾನೆ.

ಕೋಟೇಶ್ವರ_ಕಾಣೆ (9:14)

ನಾನೂ ಬರ್ತೇನೆ, ದೋಣಿಯಲ್ಲಿ ಜಾಗ ಉಂಟಾ? ಗಳದ ಗೆರೆ ಬರೆಯಲು ಒಬ್ಬರು ಬೇಕಲ್ಲ.

ಪಂಚಗಂಗಾವಳಿ (9:16)

ಉಂಟು. ಆರಕ್ಕೆ ಕೋಡಿ ದಡದಲ್ಲಿರಿ.